ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಲು ಪರೀಕ್ಷೆ ಬೇಡವೇ?

ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿರುವ ನಮ್ಮ ಕಾಲೇಜಿನ ಸೀನಿಯರ್ ಒಬ್ಬರು ಈಚೆಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ವಿಡಿಯೊ ಹಾಕಿದ್ದರು. ಅವರ ಅಮೆರಿಕನ್ ರೂಮ್‌ಮೇಟ್ ಶೂಟಿಂಗ್ ರೇಂಜ್‌ನಲ್ಲಿ ನಿಂತಿದ್ದಾನೆ. ಟೈಮರ್ ಬೀಪ್ ಎನ್ನುತ್ತದೆ, ಸೊಂಟದಿಂದ ಪಿಸ್ತೂಲು ಹೊರಬರುತ್ತದೆ, ನೋಡನೋಡುತ್ತಲೇ ಆರು ಗುಂಡು ಹಾರುತ್ತವೆ. ‘ಸಖತ್’ ಎಂದವರು ಹಲವರು. ‘ನೀವೂ ಒಂದು ಕೈ ನೋಡಿ ಅಣ್ಣ’ ಎಂದವನೊಬ್ಬ. ಆ ಸಲಹೆ ಎಷ್ಟು ಅಪಾಯದ್ದು ಎಂಬುದನ್ನು ಆಮೇಲೆ ಹೇಳುತ್ತೇನೆ.

ಆ ಅಭ್ಯಾಸದ ಹೆಸರು ಬಿಲ್ ಡ್ರಿಲ್. 7 ಗಜ ದೂರದ ಒಂದೇ ಗುರಿಗೆ 6 ಗುಂಡು. ಇನ್ನೂ ಹಳೆಯದು ಜೆಫ್ ಕೂಪರ್ ರೂಪಿಸಿದ ‘ಎಲ್ ಪ್ರೆಸಿಡೆಂಟೆ’. 10 ಗಜ ದೂರದಲ್ಲಿ ಮೂರು ಗುರಿಗಳು, ಅವಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಸಂಕೇತ ಸಿಕ್ಕ ಕೂಡಲೇ ತಿರುಗಿ ಒಂದೊಂದಕ್ಕೆ ಎರಡೆರಡು ಗುಂಡು, ಮ್ಯಾಗಜೀನ್ ಬದಲಿಸಿ ಮತ್ತೆ ಎರಡೆರಡು. 10 ಸೆಕೆಂಡಿನಲ್ಲಿ ಮುಗಿಸಿದರೆ ಒಳ್ಳೆಯ ಕೈ ಎಂದು ಲೆಕ್ಕ. ಕೂಪರ್ 1976ರಲ್ಲಿ ಅರಿಜೋನಾದಲ್ಲಿ ಇದಕ್ಕೆಂದೇ ಶಾಲೆ ತೆರೆದವರು. ಇದೇನು ಸಿನಿಮಾ ಶೋಕಿಯಲ್ಲ. ಕುದುರೆ ಎಳೆಯುವಾಗ ಕೈ ಅಲುಗದಂತೆ, ಗಾಬರಿಯಲ್ಲೂ ಹಿಡಿತ ಸಡಿಲದಂತೆ ಸ್ನಾಯುಗಳಿಗೆ ಪಾಠ ಹೇಳುವ ವಿಧಾನ.

ಪಾಠ ಬೇಕೇ ಬೇಕು ಎನ್ನಲು ಪೊಲೀಸರ ಅನುಭವವೇ ಸಾಕ್ಷಿ. ನ್ಯೂಯಾರ್ಕ್ ಪೊಲೀಸರ ಗುಂಡಿನ ಪ್ರಕರಣಗಳನ್ನು ಪರಿಶೀಲಿಸಿದ ರ‍್ಯಾಂಡ್ ಸಂಸ್ಥೆಯ 2008ರ ವರದಿಯ ಪ್ರಕಾರ, ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಗುರಿ ಮುಟ್ಟಿದ್ದು ಶೇ 18 ಮಾತ್ರ. 2012ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಇಬ್ಬರು ಪೊಲೀಸರು ಒಬ್ಬ ಬಂದೂಕುಧಾರಿಯತ್ತ 16 ಗುಂಡು ಹಾರಿಸಿದರು. ಅವೇ ಗುಂಡು ಮತ್ತು ಚೂರುಗಳಿಂದ 9 ದಾರಿಹೋಕರು ಗಾಯಗೊಂಡರು. ತರಬೇತಿ ಪಡೆದವರ ಕಥೆಯೇ ಹೀಗೆ.

ಹೀಗಿರುವಾಗ ಕಾನೂನು ಯಾವ ಕಡೆ ನಡೆದಿದೆ ನೋಡಿ. ಟೆಕ್ಸಾಸ್‌ನಲ್ಲಿ ಪಿಸ್ತೂಲು ಹೊತ್ತು ತಿರುಗುವ ಪರವಾನಗಿ ಬೇಕೆಂದರೆ 3, 7, 15 ಗಜಗಳಿಂದ 50 ಗುಂಡು ಹಾರಿಸಿ 250ಕ್ಕೆ 175 ಅಂಕ ಪಡೆಯಬೇಕು. ನಮ್ಮ ಡ್ರೈವಿಂಗ್ ಟೆಸ್ಟ್‌ನಷ್ಟೇ ಸುಲಭ ಎಂದು ಬಲ್ಲವರು ನಗುತ್ತಾರೆ, ಆದರೂ ಒಂದು ಪರೀಕ್ಷೆ ಅನ್ನುವುದಿತ್ತು. 2021ರ ಸೆಪ್ಟೆಂಬರ್‌ನಿಂದ 21 ತುಂಬಿದ ಹೆಚ್ಚಿನವರಿಗೆ ಆ ಪರವಾನಗಿಯೇ ಬೇಡವಾಯಿತು. ಕಾಲೇಜು ಕ್ಯಾಂಪಸ್ಸಿನೊಳಗೆ ಒಯ್ಯಲು ಮಾತ್ರ ಇನ್ನೂ ಬೇಕು. ಇಂಥ ಕಾನೂನು ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿದೆ. 2022ರ ಬ್ರೂಯೆನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮನೆಯ ಹೊರಗೂ ಆತ್ಮರಕ್ಷಣೆಗೆ ಬಂದೂಕು ಒಯ್ಯುವುದು ಹಕ್ಕು ಎಂದಿತು. ತರಬೇತಿ ಕೇಳಬಾರದು ಎಂದೇನೂ ಹೇಳಲಿಲ್ಲ. ಆ ಪ್ರಕರಣದಲ್ಲಿ ಸೋತ ನ್ಯೂಯಾರ್ಕ್ ರಾಜ್ಯವೇ ಆಮೇಲೆ 16 ಗಂಟೆಯ ತರಗತಿ, 2 ಗಂಟೆ ಗುಂಡು ಹಾರಿಸುವ ಅಭ್ಯಾಸ ಕಡ್ಡಾಯ ಮಾಡಿತು. ಹಾಗಾಗಿ ಪರೀಕ್ಷೆಯನ್ನು ಕೈಬಿಟ್ಟದ್ದು ಶಾಸನಸಭೆಗಳು, ಕೋರ್ಟಲ್ಲ.

ಬೆಂಬಲಿಗರ ಕೈಯಲ್ಲಿ ಒಂದು ಗಟ್ಟಿ ಉದಾಹರಣೆಯಿದೆ. ಇಂಡಿಯಾನಾದಲ್ಲಿ ಪರವಾನಗಿ ರದ್ದಾದ ತಿಂಗಳಲ್ಲೇ, 2022ರ ಜುಲೈನಲ್ಲಿ, ಗ್ರೀನ್‌ವುಡ್‌ನ ಮಾಲ್ ಒಂದರಲ್ಲಿ ಮೂವರನ್ನು ಕೊಂದ ಬಂದೂಕುಧಾರಿಯನ್ನು 22ರ ಯುವಕನೊಬ್ಬ ಸುಮಾರು 15 ಸೆಕೆಂಡಿನಲ್ಲಿ ಉರುಳಿಸಿದ. 10 ಗುಂಡಿನಲ್ಲಿ 8 ತಾಗಿದ್ದವು. ಅವನು ಪೊಲೀಸನಲ್ಲ, ಸೈನಿಕನಲ್ಲ, ತಾತನಿಂದ ಕಲಿತವನು. ಆ ದಿನ ಅವನಿಂದ ಉಳಿದ ಜೀವಗಳನ್ನು ನಾನು ಅಲ್ಲಗಳೆಯಲಾರೆ. ಆದರೆ ಅವನನ್ನು ತಯಾರು ಮಾಡಿದ್ದು ಅಭ್ಯಾಸವೇ ಹೊರತು ಹೊಸ ಕಾನೂನಲ್ಲ.

ಅಭ್ಯಾಸಕ್ಕೂ ಎಟುಕದ ಒಂದು ವಿಷಯವಿದೆ. 2023ರ ಏಪ್ರಿಲ್‌ನಲ್ಲಿ ಕಾನ್ಸಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆತರಲು ಹೋದ 16ರ ಹುಡುಗ ತಪ್ಪು ಮನೆಯ ಕರೆಗಂಟೆ ಒತ್ತಿದ. ಒಳಗಿದ್ದ ವೃದ್ಧರು ಗುಂಡು ಹಾರಿಸಿದರು. ಹುಡುಗ ಬದುಕಿದ್ದು ಪುಣ್ಯ. ಅಲ್ಲಿ ಗುರಿ ತಪ್ಪಿರಲಿಲ್ಲ, ಎದುರಿಗಿದ್ದವನು ಶತ್ರುವಾಗಿರಲಿಲ್ಲ ಅಷ್ಟೆ. ರೇಂಜ್‌ನ ಬೀಪ್ ‘ಹೊಡಿ’ ಎನ್ನುತ್ತದೆ, ‘ತಡೆ’ ಎನ್ನುವ ಡ್ರಿಲ್‌ಗೆ ರೀಲ್ಸ್‌ನಲ್ಲಿ ಲೈಕ್ ಬೀಳುವುದಿಲ್ಲ. ಇನ್ನೊಂದು ಲೆಕ್ಕ: 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತ 48,830 ಜನರಲ್ಲಿ 26,328 ಮಂದಿಯದು ಆತ್ಮಹತ್ಯೆ. ಮನೆಯ ಪಿಸ್ತೂಲು ಕಳ್ಳನಿಗಾಗಿ ಕಾಯುತ್ತಿರುತ್ತದೆ ಎಂದುಕೊಂಡವರು ಈ ಅಂಕಿಯನ್ನೊಮ್ಮೆ ನೋಡಬೇಕು.

ನಮ್ಮ ಕೊಡಗಿನಲ್ಲೂ ಕೋವಿ ಇದೆ, ಕೊಡವರಿಗೆ ಮತ್ತು ಜಮ್ಮಾ ಭೂಮಿಯವರಿಗೆ ಪರವಾನಗಿಯ ವಿನಾಯಿತಿ 2029ರವರೆಗೆ ಇದೆ. ಅಲ್ಲಿ ಗುರಿ ಪರೀಕ್ಷೆ ನಡೆಯುವುದು ತೆಂಗಿನಕಾಯಿಯ ಮೇಲೆ. ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ.

ಈಗ ಆ ‘ಒಂದು ಕೈ ನೋಡಿ’ ವಿಷಯ. ಎಫ್-1 ವೀಸಾದಲ್ಲಿ ಹೋದ ವಿದ್ಯಾರ್ಥಿ ಬಂದೂಕು, ಗುಂಡು ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಹಿಡಿದರೂ ಅದು ‘ಇಟ್ಟುಕೊಂಡದ್ದೇ’. ಶಿಕ್ಷೆ 15 ವರ್ಷದವರೆಗೆ ಆಗಬಹುದು, ವೀಸಾದ ಕಥೆ ಬೇರೆ. ರಾಜ್ಯದಲ್ಲಿ ಪರವಾನಗಿ ಬೇಡ ಎಂದಾಕ್ಷಣ ನಮಗೂ ಬೇಡ ಎಂದುಕೊಂಡರೆ ಕೆಟ್ಟಂತೆ.

ಇದನ್ನು ಸೀನಿಯರ್‌ಗೆ ಬರೆದೆ. ‘ಗೊತ್ತಪ್ಪ, ನಾನು ಕ್ಯಾಮೆರಾ ಮಾತ್ರ ಹಿಡಿದಿದ್ದೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೆಸೇಜ್ ಬಂತು. ರೂಮ್‌ಮೇಟ್ ರಾತ್ರಿ ಖಾಲಿ ಪಿಸ್ತೂಲಿನಲ್ಲಿ ಗೋಡೆಗೆ ಗುರಿಯಿಟ್ಟು ಅಭ್ಯಾಸ ಮಾಡುತ್ತಾನಂತೆ. ಗೋಡೆಯ ಆಚೆ ಇವರ ಓದುವ ಮೇಜು. ಮುಂದಿನ ಸೆಮಿಸ್ಟರ್‌ಗೆ ಬೇರೆ ಮನೆ ಹುಡುಕುತ್ತಿದ್ದಾರೆ.