ಹಕ್ಕಿಗೆ ಕಷ್ಟ ಚಳಿಯದಲ್ಲ, ರಾತ್ರಿಯದು



ಡಿಸೆಂಬರ್ ಬಂತೆಂದರೆ ನಮ್ಮವರ ಬಾಲ್ಕನಿಗಳಲ್ಲಿ ಹಕ್ಕಿಗಳಿಗೆಂದು ಮಿಕ್ಕಿದ ಅನ್ನ, ಚಪಾತಿ ಚೂರು, ಒಮ್ಮೊಮ್ಮೆ ಖಾರದ ಮಿಕ್ಸ್ಚರ್ ಕೂಡ ಕಾಣಿಸಿಕೊಳ್ಳುತ್ತದೆ. "ಪಾಪ, ಈ ಚಳೀಲಿ ಹೇಗಿರುತ್ತವೋ" ಎಂಬ ಕನಿಕರ. ಕನಿಕರ ಒಳ್ಳೆಯದೇ. ಆದರೆ ಇಲ್ಲಿನ ಹಕ್ಕಿಗೆ ನಿಜವಾದ ಕಷ್ಟ ಯಾವುದೆಂದು ನೋಡದೆ ಹಾಕಿದ ಊಟ ಅದಕ್ಕೆ ಉಪಕಾರವಲ್ಲ ಎಂಬುದು ನನ್ನ ವಾದ.

ಚಳಿಯನ್ನು ಅದು ಚೆನ್ನಾಗಿಯೇ ನಿಭಾಯಿಸುತ್ತದೆ. ಹಕ್ಕಿಯ ಮೈಬಿಸಿ ಸುಮಾರು 40ರಿಂದ 42 ಡಿಗ್ರಿ. ನಮಗಾದರೆ ಆಸ್ಪತ್ರೆಗೆ ಓಡುವ ಜ್ವರ. ಹೊರಗೆ ಮೈನಸ್ 5 ಇದ್ದಾಗಲೂ ಆ ಬಿಸಿಯನ್ನು ಕಾಯುವುದು ಗರಿಗಳ ನಡುವೆ ಸಿಕ್ಕಿದ ಗಾಳಿ. ಚಳಿ ಏರಿದಂತೆ ಹಕ್ಕಿ ಗರಿ ಕೆದರಿ ಉಂಡೆಯಾಗುವುದು ಆ ಗಾಳಿಯ ಪದರ ದಪ್ಪವಾಗಲೆಂದೇ.

ಇನ್ನು ಕಾಲು. ಗ್ರೋಸರ್ ವೋಗ್ ಕೆರೆಯ ಬಾತುಕೋಳಿಗಳು ಬರಿಗಾಲಲ್ಲಿ ಮಂಜುಗಡ್ಡೆಯ ಮೇಲೆ ಹೇಗೆ ನಿಲ್ಲುತ್ತವೆ? ಕಾಲಿಗೆ ಇಳಿಯುವ ಬಿಸಿ ರಕ್ತದ ನಾಳ, ಮೇಲೇರುವ ತಣ್ಣನೆಯ ರಕ್ತದ ನಾಳ, ಎರಡೂ ಒಂದಕ್ಕೊಂದು ಒತ್ತಿಕೊಂಡು ಸಾಗುತ್ತವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ದಾರಿಯಲ್ಲೇ ಏರುವ ರಕ್ತಕ್ಕೆ ಕೊಟ್ಟುಬಿಡುತ್ತದೆ. ಹೀಗಾಗಿ ಪಾದದ ಉಷ್ಣತೆ ಸೊನ್ನೆಗಿಂತ ತುಸುವೇ ಮೇಲಿರುತ್ತದೆ. ಕಳೆದುಕೊಳ್ಳಲು ಅಲ್ಲಿ ಬಿಸಿಯೇ ಇಲ್ಲ! ಪಾದವನ್ನು ಆಡಿಸುವ ಮಾಂಸಖಂಡಗಳೋ, ಮೇಲೆ ಗರಿಗಳ ಬೆಚ್ಚನೆಯಲ್ಲಿವೆ. ನಾವು ಇಂಜಿನಿಯರಿಂಗ್‌ನಲ್ಲಿ ಉರುಹೊಡೆದ ಹೀಟ್ ಎಕ್ಸ್‌ಚೇಂಜರ್ ಇದೇ ತಾನೆ.

ಹಾಗಾದರೆ ಕಷ್ಟ ಎಲ್ಲಿ? ಇಂಧನದಲ್ಲಿ. ಡಿಸೆಂಬರಿನ ಡಾರ್ಮ್‌ಸ್ಟಾಟ್‌ನಲ್ಲಿ ಹಗಲು ಎಂಟೇ ಗಂಟೆ, ರಾತ್ರಿ ಹದಿನಾರು. ನೀಲಿ ಟೋಪಿಯ ಬ್ಲೌಮೈಸೆ ಹಕ್ಕಿಯ ತೂಕ ಸುಮಾರು 11 ಗ್ರಾಂ, ಅಂದರೆ ಎರಡು ಒಂದು-ಯೂರೋ ನಾಣ್ಯಗಳಿಗಿಂತ ಕಡಿಮೆ. ಮೈ ಚಿಕ್ಕದಾದಷ್ಟೂ ಬಿಸಿ ಬೇಗ ಸೋರುತ್ತದೆ. ಅದು ರಾತ್ರಿಯಿಡೀ ಎದೆಯ ಮಾಂಸಖಂಡಗಳನ್ನು ನಡುಗಿಸಿ ಬಿಸಿ ಹುಟ್ಟಿಸಬೇಕು. ಅದಕ್ಕೆ ಬೇಕಾದ ಕೊಬ್ಬನ್ನು ಅಂದಿನ ಹಗಲಲ್ಲೇ ಕೂಡಿಸಬೇಕು. ಬೆಳಗಾಗುವಷ್ಟರಲ್ಲಿ ಮೈತೂಕದ ಹತ್ತನೇ ಒಂದು ಪಾಲು ಕರಗಿರಬಹುದು. ಈ ಜಾತಿಯ ಕೆಲವು ಹಕ್ಕಿಗಳು ಉಳಿತಾಯಕ್ಕೆಂದು ರಾತ್ರಿ ಮೈಬಿಸಿಯನ್ನೇ ಕೆಲವು ಡಿಗ್ರಿ ಇಳಿಸಿಕೊಳ್ಳುತ್ತವೆ, ನಾವು ಮಲಗುವಾಗ ಹೈಟ್ಸುಂಗ್ ಇಳಿಸಿದ ಹಾಗೆ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುವ ಪಟ್ಟೆತಲೆ ಹೆಬ್ಬಾತುಗಳನ್ನೇ ನೋಡಿ. (ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು.) ಹಿಮಾಲಯದ ಕೊರೆಯುವ ಗಾಳಿಯನ್ನೇ ದಾಟಿ ಬರುವ ಹಕ್ಕಿಗೆ ಚಳಿಯ ಭಯವೇ? ಅಲ್ಲಿ ಹುಲ್ಲು, ನೀರು ಹೆಪ್ಪುಗಟ್ಟುತ್ತವೆ, ಇಲ್ಲಿ ಹೊಲ ತುಂಬಿರುತ್ತದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು, ನಮ್ಮ ಹಾಗೆಯೇ!

ಈಗ ನಮ್ಮ ಅನ್ನಕ್ಕೆ ಬರೋಣ. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಇರುವುದು ನೀರು, ಕೊಬ್ಬು ಇಲ್ಲವೇ ಇಲ್ಲ. ಎಂಟು ಗಂಟೆಯ ಹಗಲಿನಲ್ಲಿ ಪುಟ್ಟ ಹೊಟ್ಟೆಗೆ ಅದನ್ನು ತುಂಬಿದರೆ ಹದಿನಾರು ಗಂಟೆಯ ರಾತ್ರಿಗೆ ಏನು ಉಳಿದೀತು? ಮಿಕ್ಸ್ಚರಿನ ಉಪ್ಪಂತೂ ಅಪಾಯ. ಊರಲ್ಲಿ ತಾರಸಿಯ ಮೇಲೆ ಅಕ್ಕಿ, ರಾಗಿ ಚೆಲ್ಲುತ್ತಿದ್ದೆವಲ್ಲ ಎಂದರೆ, ಅಲ್ಲಿ ಹದಿಮೂರು ಗಂಟೆಯ ರಾತ್ರಿಯೂ ಇಲ್ಲ. ಇಲ್ಲಿ ಬೇಕಾದದ್ದು ಸೂರ್ಯಕಾಂತಿ ಬೀಜ, ಉಪ್ಪು ಹಾಕದ ಕಡಲೆಕಾಯಿ ಬೀಜ, ಕೊಬ್ಬಿನ ಉಂಡೆ. ಎಲ್ಲ ಸೂಪರ್‌ಮಾರ್ಕೆಟ್ಟುಗಳಲ್ಲೂ ಸಿಗುತ್ತವೆ. ಉಂಡೆಯ ಪ್ಲಾಸ್ಟಿಕ್ ಬಲೆಯನ್ನು ಮಾತ್ರ ತೆಗೆದುಬಿಡಿ, ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ.

ಶುಚಿಯ ಮಾತು ಇನ್ನೂ ಮುಖ್ಯ. 2020ರ ವಸಂತದಲ್ಲಿ ನಮ್ಮ ಪಕ್ಕದ ರೈನ್‌ಹೆಸ್ಸೆನ್ ಭಾಗದಿಂದ ಶುರುವಾಗಿ ಬ್ಲೌಮೈಸೆಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಕಾರಣ ಶ್ವಾಸಕೋಶಕ್ಕೆ ತಗಲುವ ಒಂದು ಬ್ಯಾಕ್ಟೀರಿಯಾ. ಕಾಯಿಲೆ ಹಕ್ಕಿ ಕಂಡಲ್ಲಿ ಕಾಳು ಹಾಕುವುದನ್ನೇ ನಿಲ್ಲಿಸಿ ಎಂದು ನಾಬು ಸಂಸ್ಥೆ ಆಗ ಕೇಳಿಕೊಂಡಿತು. ತಟ್ಟೆಯಲ್ಲಿ ಹರಡಿದರೆ ಹಕ್ಕಿಗಳು ಅದರಲ್ಲೇ ಹಿಕ್ಕೆ ಹಾಕುತ್ತವೆ. ಕೊಳವೆಯಂಥ ಡಬ್ಬಿ ಮೇಲು.

ಕಾಳು ಹಾಕಿದರೆ ಅಪರೂಪದ ಹಕ್ಕಿಗಳೇನೂ ಉಳಿಯುವುದಿಲ್ಲ, ಬರುವವು ಹತ್ತು ಹದಿನೈದು ಸಾಮಾನ್ಯ ಜಾತಿಗಳಷ್ಟೇ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಇದು ಸಂರಕ್ಷಣೆಯಲ್ಲ, ಅತಿಥಿ ಸತ್ಕಾರ. ಅತಿಥಿಗೆ ತಂಗಳು ಹಾಕುವುದು ಬೇಡ ಎಂದಷ್ಟೇ ನಾನು ಹೇಳುವುದು. ಅಂದ ಹಾಗೆ, ನಾಬುವಿನ ಚಳಿಗಾಲದ ಹಕ್ಕಿ ಎಣಿಕೆ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಕಿಟಕಿಯ ಬಳಿ ಒಂದು ಗಂಟೆ ಕುಳಿತರಾಯಿತು, ಮಕ್ಕಳೂ ಎಣಿಸಬಹುದು.