ಕಾರ್ಡಿಲ್ಲದ ಕಂಪ್ಯೂಟರ್ ಎಂದು ನಗುವವರಿಗೆ

ಕೌದಳ್ಳಿಯಂಥ ಊರಿನ ಮನೆಗೆ ಚಿಕ್ಕ, ಸದ್ದಿಲ್ಲದ, ಕೈಗೆಟಕುವ ಡೆಸ್ಕ್‌ಟಾಪ್ ಒಂದು ಸಾಕು, ಲಘುವಾದ ಆಟಗಳೂ ಅದರಲ್ಲೇ ನಡೆಯುತ್ತವೆ ಎಂದರೆ ಆಕ್ಷೇಪಕ್ಕೆ ಬರವಿಲ್ಲ. ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಹುಡುಗರು ಒಂದು ಹೇಳುತ್ತಾರೆ, ಅಂಗಡಿಯವರು ಇನ್ನೊಂದು, ಹೆತ್ತವರು ಮತ್ತೊಂದು.

ಮೊದಲನೆಯದು, "ಗ್ರಾಫಿಕ್ಸ್ ಕಾರ್ಡಿಲ್ದೆ ಗೇಮ್ ಆಡಕ್ಕಾಯ್ತದಾ?" ಆಯ್ತದೆ. 2021ರಲ್ಲಿ ಬಿಡಿಯಾಗಿ ಮಾರಾಟಕ್ಕೆ ಬಂದ ಎಎಂಡಿಯ ರೈಜನ್ 5 5600ಜಿ ಎಂಬ ಪ್ರೊಸೆಸರ್‌ನ ಒಳಗೇ ಗ್ರಾಫಿಕ್ಸ್ ಇದೆ. ಸೆಟ್ಟಿಂಗ್ ಇಳಿಸಿಕೊಂಡರೆ ವ್ಯಾಲರೆಂಟ್, ಡೋಟಾ 2, ರಾಕೆಟ್ ಲೀಗ್, ಜಿಟಿಎ 5 ಎಲ್ಲವೂ ಓಡುತ್ತವೆ. ಮೈನ್‌ಕ್ರಾಫ್ಟ್, ಸ್ಟಾರ್‌ಡ್ಯೂ ವ್ಯಾಲಿಗಳ ಮಾತೇ ಬೇಡ. ಸೈಬರ್‌ಪಂಕ್ 2077 ಬೇಕೆನ್ನುವವರಿಗೆ ಇದು ಆಗಿಬರುವುದಿಲ್ಲ, ಒಪ್ಪಿದೆ. ಆದರೆ ಇದನ್ನು ಹಳಿಯುವ ಬಹಳ ಮಂದಿ ನೋಡಿರುವುದು ಒಂದೇ ರ‍್ಯಾಮ್ ಸ್ಟಿಕ್ ಹಾಕಿದ ಯಂತ್ರವನ್ನು. ಈ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರಿನ ರ‍್ಯಾಮನ್ನೇ ಬಳಸಿಕೊಳ್ಳುತ್ತದೆ. 16 ಜಿಬಿಯ ಒಂದು ಸ್ಟಿಕ್ ಹಾಕಿದರೆ ದತ್ತಾಂಶ ಓಡಾಡಲು ಒಂದೇ ದಾರಿ. 8 ಜಿಬಿಯ ಎರಡು ಹಾಕಿದರೆ ಎರಡು ದಾರಿ. ಆಟ ತಡವರಿಸುವುದೂ ಸಲೀಸಾಗಿ ಓಡುವುದೂ ಬಹುಪಾಲು ಇಲ್ಲೇ ನಿರ್ಧಾರವಾಗುತ್ತದೆ. ತಪ್ಪು ಜೋಡಣೆಯದು, ಬೈಗುಳ ಮಾತ್ರ ಪ್ರೊಸೆಸರ್‌ಗೆ.

ಬೆಂಗಳೂರಿನ ಹುಡುಗರ ವಾದಕ್ಕೆ ತೂಕವಿದೆ. ಇಎಂಐ ಮೇಲೆ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ, ಕರೆಂಟ್ ಹೋದರೂ ಬ್ಯಾಟರಿ ಇರುತ್ತದಲ್ಲ ಎನ್ನುತ್ತಾರೆ. ಕರೆಂಟ್ ಹೋಗುವುದು ನಿಜ. ಬ್ಯಾಟರಿಯ ಮೇಲೆ ಆ ಲ್ಯಾಪ್‌ಟಾಪ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ ಎನ್ನುವುದೂ ಅಷ್ಟೇ ನಿಜ. ನಮ್ಮ ಡೆಸ್ಕ್‌ಟಾಪ್ ಆಟದ ಹೊತ್ತಿನಲ್ಲೂ ಮಾನಿಟರ್ ಸೇರಿ ಎಳೆಯುವುದು ಸುಮಾರು 120 ವ್ಯಾಟ್. ಆಟ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ತಡೆಯಲು 600 ವಿಎ ಯುಪಿಎಸ್ ಸಾಕು. ಐದು ವರ್ಷದ ಮೇಲೆ ಏನಾದರೂ ಕೆಟ್ಟರೆ ಕೆಟ್ಟ ಭಾಗವೊಂದನ್ನೇ ಕೊಳ್ಳೇಗಾಲದಲ್ಲೋ ಮೈಸೂರಿನಲ್ಲೋ ಬದಲಾಯಿಸಬಹುದು. ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರೂ ಗ್ರಾಫಿಕ್ಸೂ ಬೋರ್ಡಿಗೇ ಬೆಸುಗೆಯಾಗಿರುತ್ತವೆ.

ಕರೆಂಟಿನ ಲೆಕ್ಕವನ್ನು ಈ ಹುಡುಗರು ಎತ್ತುವುದೇ ಇಲ್ಲ. ದಿನಕ್ಕೆ ಎರಡು ಗಂಟೆ ಆಡಿದರೆ ನಮ್ಮದು ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ದೊಡ್ಡ ಕಾರ್ಡ್ ಹಾಕಿ 350 ವ್ಯಾಟ್ ಎಳೆಯುವ ಯಂತ್ರದ್ದು 21 ಯೂನಿಟ್. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಸಿಗುವುದು ಎಲ್ಲರಿಗೂ 200 ಯೂನಿಟ್ ಅಲ್ಲ. ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮೀರಿದ್ದಕ್ಕೆ ಬಿಲ್ ಬರುತ್ತದೆ. ಕಡಿಮೆ ಬಳಸುತ್ತಿದ್ದ ಮನೆಗೆ ಆ 21 ಯೂನಿಟ್ ಕಣ್ಣಿಗೆ ಬಿದ್ದೇ ಬೀಳುತ್ತದೆ.

"ಚಿಕ್ಕ ಪೆಟ್ಟಿಗೆ ಕಾದು ಕೂರುತ್ತೆ, ಫ್ಯಾನ್ ಕಿರುಚುತ್ತೆ" ಎನ್ನುವುದು ಅರ್ಧ ಸರಿ. ಎರಡು ಲೀಟರಿಗಿಂತ ಚಿಕ್ಕದಾದ ಡೆಸ್ಕ್‌ಮಿನಿ ಎಕ್ಸ್300 ಥರದ ಡಬ್ಬದಲ್ಲಿ 46 ಮಿಲಿಮೀಟರ್‌ಗಿಂತ ಎತ್ತರದ ಕೂಲರ್ ಕೂರುವುದಿಲ್ಲ. ಶೀಟಿನ ಮನೆಯಲ್ಲಿ, ಏಪ್ರಿಲ್ ಬಿಸಿಲಿಗೆ ಅದು ಸದ್ದು ಮಾಡದೆ ಇನ್ನೇನು ಮಾಡೀತು? ಅಷ್ಟು ಚಿಕ್ಕದರ ಹುಚ್ಚು ನನಗಿಲ್ಲ. ಮೈಕ್ರೋ ಎಟಿಎಕ್ಸ್ ಬೋರ್ಡ್ ಹಿಡಿಸುವ ಸಣ್ಣ ಕ್ಯಾಬಿನೆಟ್ ತಗೊಳ್ಳಿ. ಮಿನಿ ಐಟಿಎಕ್ಸ್ ಬೋರ್ಡಿಗಿಂತ ಆ ಬೋರ್ಡ್ ಅಗ್ಗವೂ ಹೌದು. ನಿಧಾನ ತಿರುಗುವ 120 ಮಿಲಿಮೀಟರ್ ಫ್ಯಾನ್ ಒಂದು, ಮುಂದುಗಡೆ ದೂಳು ತಡೆಯುವ ಜಾಲರಿ, ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ. ಈ ಪ್ರೊಸೆಸರನ್ನು ಬಯಾಸ್‌ನಲ್ಲಿ 65 ವ್ಯಾಟ್‌ನಿಂದ 45ಕ್ಕೆ ಇಳಿಸಲೂಬಹುದು; ಲಘು ಆಟಗಳಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ, ಫ್ಯಾನಿನ ಸದ್ದು ಇಳಿದದ್ದು ಮಾತ್ರ ತಿಳಿಯುತ್ತದೆ. ಓದುವವರು, ಮಲಗುವವರು, ಆಡುವವರು ಎಲ್ಲ ಒಂದೇ ಹಾಲ್‌ನಲ್ಲಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಬೆಲೆಯ ಬಗ್ಗೆ ಆಕ್ಷೇಪಿಸುವವರಿಗೆ ಅರ್ಧ ತಲೆಬಾಗುತ್ತೇನೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಅದಕ್ಕೇ ಕಚೇರಿಗಳಿಂದ ಹೊರಬಿದ್ದ, ರೈಜನ್ ಇರುವ ಥಿಂಕ್‌ಸೆಂಟರ್ ಎಂ75ಕ್ಯೂ ಥರದ ಪುಟ್ಟ ಯಂತ್ರಗಳನ್ನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಿ. ರ‍್ಯಾಮ್ ಒಳಗೇ ಇದ್ದರೆ ಅಷ್ಟು ಉಳಿತಾಯ. ಹಳೇದೆಲ್ಲ ಮೋಸ ಎನ್ನುವವರಿಗೆ ಒಂದೇ ಮಾತು: ಆನ್ ಮಾಡಿಸಿ, ಅರ್ಧ ಗಂಟೆ ಓಡಿಸಿ ನೋಡಿ. ಇಂಟೆಲ್ ಆದರೆ ಎಂಟನೇ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅವು ಬಹುತೇಕ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಮಕ್ಕಳು ಕೆಡುತ್ತಾರೆ ಎನ್ನುವ ಹೆತ್ತವರೇ, ಕೈಯಲ್ಲಿ ಮೊಬೈಲ್ ಆಗಲೇ ಇದೆಯಲ್ಲ? ಹಾಲ್‌ನಲ್ಲಿಟ್ಟ ಮಾನಿಟರ್ ಮನೆಮಂದಿಗೆಲ್ಲ ಕಾಣುತ್ತದೆ, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿಯುವುದೂ ಅದರಲ್ಲೇ.

ಹಳೆಯದು ಬೇಡವೆಂದು ಹೊಸದನ್ನೇ ಜೋಡಿಸುವವರು ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, ಬೇಡವೆನ್ನಿ. ವೋಲ್ಟೇಜ್ ಏರಿಳಿದಾಗ ಅಂಥದ್ದು ತಾನೂ ಸುಟ್ಟು ಬೋರ್ಡನ್ನೂ ಸುಡಬಹುದು. 80 ಪ್ಲಸ್ ಗುರುತಿರುವ, ಒಳ್ಳೆಯ ಕಂಪನಿಯ 450 ವ್ಯಾಟಿನದು ಹಾಕಿಸಿ, ರ‍್ಯಾಮ್ ಎರಡು ಸ್ಟಿಕ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.