ಅಪರೂಪ ಅಂದರೆ ಅಸಾಧ್ಯ ಅಂತಲ್ಲ ಮಾರಾಯ್ರೆ!

ಬೆಚ್ಚಗಿನ ಊರಲ್ಲಿ ಹಿಮ ಬಿದ್ದರೆ ಮೊದಲ ದಿನ ಹಬ್ಬ, ಮರುದಿನ ಪರದಾಟ. ಅಮೆರಿಕದ ಟೆಕ್ಸಾಸಿನವರು 2021ರ ಫೆಬ್ರವರಿಯಲ್ಲಿ ಇದನ್ನು ಚೆನ್ನಾಗಿಯೇ ಅನುಭವಿಸಿದರು. ಈಗ ಹಿಂತಿರುಗಿ ನೋಡಿದರೆ, ನನ್ನಂಥ ಬ್ಯಾಂಕಿನವನ ಕಣ್ಣಿಗೆ ಅದೊಂದು ಹಳೇ ಆಡಿಟ್ ರಿಪೋರ್ಟಿನ ಕಥೆಯಾಗಿ ಕಾಣುತ್ತದೆ.

ನನ್ನ ಅಕ್ಕನ ಮಗಳು ಆಗ ಆಸ್ಟಿನ್‌ನಲ್ಲಿದ್ದಳು. ಬೇಸಿಗೆಯಲ್ಲಿ 40 ಡಿಗ್ರಿ ಕಾಯುವ ಊರು ಅದು. ಫೆಬ್ರವರಿ 15ರ ಬೆಳಿಗ್ಗೆ ಅಲ್ಲಿ ಆರು ಇಂಚಿಗೂ ಹೆಚ್ಚು ಹಿಮ. ಮೊದಲು ಫೋಟೋ ಬಂತು, ಆಮೇಲೆ ಫೋನು ಬಂತು. ನಸುಕಿನಲ್ಲೇ ಕರೆಂಟು ಹೋಗಿತ್ತು. ಮನೆ ಬೆಚ್ಚಗಿಡುವ ಹೀಟರು ಓಡುವುದೂ ಕರೆಂಟಿನಲ್ಲೇ! ಎರಡು ದಿನ ಕಳೆದು, ನಲ್ಲಿ ನೀರನ್ನು ಕುದಿಸದೆ ಕುಡಿಯಬೇಡಿ ಎಂದು ನಗರದವರ ಸೂಚನೆ. ಕುದಿಸಲು ಒಲೆಯೂ ಕರೆಂಟಿನದೇ. "ಮಾವ, ಕಣ್ಣು ಹಾಯಿಸಿದಲ್ಲೆಲ್ಲ ಐಸು, ಮಗುವಿನ ಹಾಲಿಗೆ ಬಿಸಿನೀರಿಲ್ಲ" ಅಂದಳು. ಮಗುವಿಗೆ ಐದು ತಿಂಗಳು. ಇಲ್ಲಿ ಮುಂಬಯಿಯಲ್ಲಿ ಅಕ್ಕ ಫ್ಯಾನಿನ ಕೆಳಗೆ ಕೂತು ಬೆವರುತ್ತ ಅಳುತ್ತಿದ್ದಳು.

ಆದದ್ದೇನು? ಚಳಿಗೆ ಗ್ಯಾಸ್ ಬಾವಿಗಳು, ಪೈಪುಗಳು ಹೆಪ್ಪುಗಟ್ಟಿದವು. ಗ್ಯಾಸಿಲ್ಲದೆ ವಿದ್ಯುತ್ ಸ್ಥಾವರಗಳು ನಿಂತವು. ವಿದ್ಯುತ್ ಕಡಿತ ಮಾಡಿದಾಗ ಗ್ಯಾಸ್ ಪಂಪು ಮಾಡುವ ಕೇಂದ್ರಗಳಿಗೂ ಕರೆಂಟು ಹೋಯಿತು. ಟೆಕ್ಸಾಸಿನ ಗ್ರಿಡ್ ಬಹುತೇಕ ಪ್ರತ್ಯೇಕ, ಹಾಗಾಗಿ ನೆರೆ ರಾಜ್ಯಗಳಿಂದ ಹೆಚ್ಚು ಸಾಲ ತರುವಂತಿಲ್ಲ. ಇಡೀ ಗ್ರಿಡ್ ಕುಸಿಯಲು ಬಾಕಿ ಇದ್ದದ್ದು 4 ನಿಮಿಷ 37 ಸೆಕೆಂಡು! ಸುಮಾರು 45 ಲಕ್ಷ ಮನೆ, ಕಟ್ಟಡಗಳು ಕತ್ತಲಾದವು. ಸಗಟು ವಿದ್ಯುತ್ ದರ ಯೂನಿಟ್ಟಿಗೆ 9 ಡಾಲರ್ ಮುಟ್ಟಿತು. ಸತ್ತವರು ರಾಜ್ಯ ಸರ್ಕಾರದ ಲೆಕ್ಕದಲ್ಲೇ 246 ಮಂದಿ.

ಸಿಟ್ಟು ಬರುವುದು ಮುಂದಿನ ಮಾತಿಗೆ. 2011ರ ಫೆಬ್ರವರಿಯಲ್ಲೂ ಅಲ್ಲಿ ಚಳಿಗೆ ಸ್ಥಾವರಗಳು ನಿಂತಿದ್ದವು. ಕೇಂದ್ರದ ನಿಯಂತ್ರಕರು ತನಿಖೆ ಮಾಡಿ, ಯಂತ್ರಗಳನ್ನು ಚಳಿಗೆ ಸಜ್ಜು ಮಾಡಿ ಎಂದು ಅದೇ ವರ್ಷ ವರದಿ ಕೊಟ್ಟಿದ್ದರು. ಆದರೆ ಕಡ್ಡಾಯ ಮಾಡುವ ಕಾನೂನು ಬಂದದ್ದು 2021ರ ಜೂನಿನಲ್ಲಿ, ಜನ ಸತ್ತ ಮೇಲೆ. ಆಡಿಟರು ಬರೆದ ರಿಮಾರ್ಕಿಗೆ "ಗಮನಿಸಲಾಗಿದೆ" ಎಂದು ಉತ್ತರ ಬರೆದು ಫೈಲು ಕಟ್ಟಿಡುವ ಚಾಳಿ ನಮ್ಮಲ್ಲಿ ಮಾತ್ರ ಅಂದುಕೊಂಡಿರಾ?

ನಮ್ಮಲ್ಲೇನು ಕಡಿಮೆ! ಮುಂಬಯಿಯ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಗಷ್ಟೇ ಸಾಕು, 50ಕ್ಕೆ ಏರಿಸಿ ಎಂದು 1993ರಲ್ಲೇ ವರದಿ ಇತ್ತು. ಬಹುಪಾಲು ಕಡತದಲ್ಲೇ ಉಳಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿಯಿತು. 50ರ ಚರಂಡಿ ಇದ್ದರೂ ಅಂದು ನೀರು ನಿಲ್ಲುತ್ತಿತ್ತು, ಒಪ್ಪಿದೆ. ಆದರೆ ಬೇಗ ಇಳಿಯುತ್ತಿತ್ತು ತಾನೆ?

"ನೂರು ವರ್ಷಕ್ಕೊಮ್ಮೆ ಬರುವುದಕ್ಕೆಲ್ಲ ಖರ್ಚು ಮಾಡಲಾಗುತ್ತದೆಯೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಆಸ್ಟಿನ್ನಿನವರು ಉತ್ತರದ ಊರುಗಳಂತೆ ಹಿಮ ತೆಗೆಯುವ ಲಾರಿಗಳ ಸಾಲು ಇಟ್ಟುಕೊಳ್ಳಬೇಕಿಲ್ಲ. ರಸ್ತೆ ಮೂರು ದಿನ ಮುಚ್ಚಲಿ, ಆಫೀಸಿಗೆ ರಜೆ ಕೊಡಲಿ, ಏನೂ ಮುಳುಗಿ ಹೋಗುವುದಿಲ್ಲ. ಆದರೆ ಬೆಳಕು, ಬಿಸಿ, ಕುಡಿಯುವ ನೀರು, ಆಸ್ಪತ್ರೆ, ಇವು ನಿಲ್ಲಬಾರದು. ತಡೆದುಕೊಳ್ಳಬಹುದಾದ ನಷ್ಟ ಯಾವುದು, ತಡೆಯಲಾರದ್ದು ಯಾವುದು ಎಂದು ಮೊದಲೇ ವಿಂಗಡಿಸಬೇಕು. ಬ್ಯಾಂಕಿನಲ್ಲಿ ನಾವು ಪ್ರಾವಿಷನ್ ಇಡುವುದೂ ಹೀಗೇ. ಇಟ್ಟ ವರ್ಷ ಲಾಭ ಕಡಿಮೆ ಕಾಣುತ್ತದೆ, ಯಾರೂ ಭೇಷ್ ಅನ್ನುವುದಿಲ್ಲ. ಸಾಲ ಮುಳುಗಿದ ವರ್ಷ ಅದೇ ಕಾಪಾಡುತ್ತದೆ.

ಇಷ್ಟೆಲ್ಲ ಬರೆಯಲು ಕಾರಣವಿದೆ. ನಮ್ಮ ಸೊಸೈಟಿಯ ಸಭೆಯಲ್ಲಿ ಪ್ರತಿ ವರ್ಷ ಸಿಂಕಿಂಗ್ ಫಂಡ್ ಯಾಕೆ ಎಂದು ಜಗಳ. ಕೆಳಗಿರುವ ನೀರಿನ ಪಂಪನ್ನು ಎತ್ತರಕ್ಕೆ ಏರಿಸೋಣ ಎಂದರೆ "2005 ಇನ್ನೊಮ್ಮೆ ಬರುತ್ತದೆಯೇ ಮಾರಾಯ್ರೆ?" ಎಂದು ನಗುತ್ತಾರೆ. ಟೆಕ್ಸಾಸಿನಲ್ಲೂ 2011ರ ನಂತರ ಹೀಗೇ ನಕ್ಕಿರಬೇಕು.

ನಿಮ್ಮ ಕಟ್ಟಡದ ಪಂಪು ಎಲ್ಲಿದೆ? ಇವತ್ತೇ ಒಮ್ಮೆ ಕೆಳಗಿಳಿದು ನೋಡಿ ಬನ್ನಿ.